ತೊಲೆ ಇಳಿಸಿದ ವಾರ

ಶಾಲೆಯ ಸಭಾಂಗಣದ ವೇದಿಕೆಯ ಬೀಗದಕೈ ಹನ್ನೊಂದು ವರ್ಷದಿಂದ ಲ್ಯಾಬ್ ಅಕ್ಕನ ಬಳಿಯೇ ಇತ್ತು. ಅವಳ ಕೆಲಸ ಪ್ರಯೋಗಾಲಯದ ಗಾಜಿನ ಸಾಮಾನು ತೊಳೆದು ಜೋಡಿಸಿಡುವುದು. ಆದರೆ ಸ್ಕ್ರೂ ಡ್ರೈವರ್ ಹಿಡಿಯಲು ಬರುವವಳು ಅವಳೊಬ್ಬಳೇ ಆದ್ದರಿಂದ ವೇದಿಕೆಯೂ ಅವಳ ತಲೆಯ ಮೇಲೇ ಬಿದ್ದಿತ್ತು. ದೀಪದ ಸ್ವಿಚ್ಚುಗಳಲ್ಲಿ ಮೂರನೆಯದನ್ನು ಒತ್ತಿದರೆ ಐದನೆಯ ದೀಪ ಹೊತ್ತಿಕೊಳ್ಳುತ್ತಿತ್ತು. ಪ್ರತಿ ವರ್ಷದ ನಾಟಕಕ್ಕೂ ಬಣ್ಣದ ಮೇಲೆ ಬಣ್ಣ ಬಳಿಸಿಕೊಂಡ ಮರದ ಚೌಕಟ್ಟುಗಳು ಇಬ್ಬರು ಸೇರಿದರೂ ಎತ್ತಲಾಗದಷ್ಟು ಭಾರವಾಗಿದ್ದವು. ಎಲ್ಲವನ್ನೂ ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದಳು.

ನಾಟಕಕ್ಕೆ ಇನ್ನು ಒಂಬತ್ತು ದಿನ ಇತ್ತು. ಒಂಬತ್ತನೇ ತರಗತಿಯ ಹುಡುಗಿಯರು ವೇದಿಕೆಯ ಮೇಲೆ ಮಾತು ಒಪ್ಪಿಸುತ್ತಿದ್ದಾಗ ಅವಳು ಪಕ್ಕದಲ್ಲಿ ಏಣಿ ಹತ್ತಿ ಪರದೆಯ ರಾಟೆಗೆ ಎಣ್ಣೆ ಬಿಡುತ್ತಿದ್ದಳು. ರಾಟೆಗಳನ್ನೆಲ್ಲ ಹೊತ್ತ ಉದ್ದನೆಯ ತೊಲೆಯ ಮೇಲೆ ಕೈಯೂರಿದಾಗ ಅಂಗೈಗೆ ಹಿಟ್ಟಿನಂಥ ಹುಡಿ ಮೆತ್ತಿಕೊಂಡಿತು. ಸ್ಕ್ರೂ ಡ್ರೈವರಿನಿಂದ ಚುಚ್ಚಿ ನೋಡಿದಳು. ಒದ್ದೆ ಸಾಬೂನಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು.

"ಎಲ್ಲರೂ ಕೆಳಗಿಳೀರಿ! ಚಪ್ಪಲಿ ಆಮೇಲೆ ಹಾಕ್ಕೊಳ್ಳಿ, ಮೊದಲು ಇಳೀರಿ!" ಎಂದು ಏಣಿಯ ಮೇಲಿಂದಲೇ ಕೂಗಿದಳು.

ಹೆಡ್ ಮೇಡಂಗೆ ನಂಬಿಕೆ ಬರಲಿಲ್ಲ. "ಮೂವತ್ತು ವರ್ಷ ನಿಂತಿದೆ. ಇನ್ನೊಂದು ವಾರ ನಿಲ್ಲಲ್ವಾ?"

"ನಿಲ್ಲಬಹುದು ಮೇಡಂ, ನಿಲ್ಲದೇನೂ ಇರಬಹುದು. ಅದರ ಕೆಳಗೆ ಓಡಾಡೋದು ಮಕ್ಕಳು."

"ಹಾಗಾದ್ರೆ ಈ ವರ್ಷ ನಾಟಕಾನೇ ಬೇಡ ಬಿಡಿ. ಪರದೆ ಇಲ್ಲದೆ ಎಂಥ ನಾಟಕ?"

"ನಾಟಕ ನಿಲ್ಲಿಸಬೇಡಿ. ತಲೆ ಮೇಲೆ ಏನೂ ನೇತು ಹಾಕದೆ, ನೆಲದ ಮೇಲೇ ನಿಲ್ಲೋ ಹಾಗೆ ನಾಟಕದ ಮನೆ ನಾನು ಕಟ್ಟಿಕೊಡ್ತೀನಿ."

ಮಾತು ಬಾಯಿ ಜಾರಿಬಿಟ್ಟಿತ್ತು. ಆದರೆ ಅವಳಿಗೆ ನಿಜವಾದ ಹೆದರಿಕೆ ಇದ್ದದ್ದು ಮನೆಯಲ್ಲಿ. ಆ ತೊಲೆಯನ್ನು ಕೆತ್ತಿ ಮೇಲೇರಿಸಿದ ಬಡಗಿ ಅವಳ ಅಪ್ಪನೇ.

ಸಂಜೆ ವಿಷಯ ಕೇಳಿದ್ದೇ ಅಪ್ಪ ಸಿಡಿದುಬಿದ್ದ. "ನಾನು ಏರಿಸಿದ ತೊಲೆಗೆ ನೀನು ತಪ್ಪು ಹುಡುಕ್ತೀಯಾ ಪುಟ್ಟಿ? ಅದು ಕಲ್ಲು ಕಣೆ, ಕಲ್ಲು!" ನಲವತ್ತನಾಲ್ಕು ವರ್ಷದ ಪುಟ್ಟಿ ವಾದಕ್ಕೆ ಹೋಗಲಿಲ್ಲ. "ನೀನೇ ಬಂದು ನೋಡಪ್ಪ" ಎಂದಷ್ಟೇ ಹೇಳಿದಳು.

ಮರುದಿನ ಬೆಳಿಗ್ಗೆ ಅಪ್ಪ ಬಂದ. ಎಪ್ಪತ್ತಾರರ ಮಂಡಿ ಏಣಿಯ ಒಂದೊಂದು ಮೆಟ್ಟಿಲಿಗೂ ಸದ್ದು ಮಾಡಿತು. ಮಗಳು ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತಳು. ಅವನು ಸುತ್ತಿಗೆಯಿಂದ ತೊಲೆಯನ್ನು ನಾಲ್ಕು ಕಡೆ ತಟ್ಟಿದ. ಉಳಿಯಿಂದ ಕೆರೆದ. ಕೆಳಗಿಳಿದವನೇ ಕೈಯ ಹುಡಿಯನ್ನು ಪಂಚೆಗೆ ಒರೆಸಿಕೊಂಡ.

"ಹೊರಗಡೆ ಬಣ್ಣ ಹಾಗೇ ಇದೆ. ಒಳಗೆ ಪೂರ್ತಿ ಟೊಳ್ಳು," ಎಂದ. ಧ್ವನಿ ಇಳಿದಿತ್ತು. "ಇವತ್ತೇ ಇಳಿಸು. ಮೊದಲನೇ ಬೋಲ್ಟು ನಾನು ಬಿಚ್ತೀನಿ."

ತೋಟದ ಮಾಲಿ, ಕಾವಲುಗಾರ, ನಾಟಕದ ಮೇಷ್ಟ್ರು ಮೂವರೂ ಹಗ್ಗ ಹಿಡಿದರು. ತೊಲೆ ನಿಧಾನವಾಗಿಯೇ ಇಳಿಯಿತು. ಆದರೂ ನೆಲ ಮುಟ್ಟಿದ ಕೂಡಲೇ ನಡುವಿಗೆ ಲಟ್ಟನೆ ಎರಡು ತುಂಡಾಯಿತು. ಬಾಗಿಲಲ್ಲಿ ನಿಂತಿದ್ದ ಹೆಡ್ ಮೇಡಂ ಮುಖ ಬಿಳಿಚಿಕೊಂಡಿತು. ಒಳಗೆ ಬಂದು ಲ್ಯಾಬ್ ಅಕ್ಕನ ಕೈ ಹಿಡಿದುಕೊಂಡರು.

ಆಮೇಲೆ ಏಳು ದಿನ ಸಭಾಂಗಣವೇ ಕಾರ್ಖಾನೆಯಾಯಿತು. ಇಡೀ ಒಂಬತ್ತನೇ ತರಗತಿ ಹಳೇ ಚೌಕಟ್ಟುಗಳ ಬಣ್ಣ ಕೆರೆಯಲು ಕೂತಿತು. ನೀಲಿಯ ಕೆಳಗೆ ಕಾಡು, ಕಾಡಿನ ಕೆಳಗೆ ಅರಮನೆ, ಅರಮನೆಯ ಕೆಳಗೆ ಯಾರದೋ ಅಡುಗೆಮನೆ ಕಾಣಿಸಿಕೊಂಡಿತು. "ಇದು ನಮ್ಮಮ್ಮ ರಾಣಿ ಆಗಿದ್ದ ವರ್ಷದ್ದು!" ಎಂದು ಒಬ್ಬಳು ಕುಣಿದಾಡಿದಳು. ಗಟ್ಟಿಯಿದ್ದ ಮರವನ್ನು ಆರಿಸಿ, ತೆಳ್ಳನೆಯ ಬಟ್ಟೆ ಬಿಗಿದು, ಕೆಳಗೆ ಚಕ್ರ ಹಾಕಿ, ಲ್ಯಾಬ್ ಅಕ್ಕ ಹಗುರವಾದ ಆರು ಗೋಡೆ ಮಾಡಿದಳು.

ಅಪ್ಪ ಕುರ್ಚಿ ಹಾಕಿಸಿಕೊಂಡು ಕೂತು ಎಲ್ಲದಕ್ಕೂ ಕೊಂಕು ತೆಗೆದ. "ಬೋಲ್ಟು ಯಾಕೆ? ಮೊಳೆ ಹೊಡಿ. ಬೋಲ್ಟು ಸೋಮಾರಿಗಳ ಕೆಲಸ."

"ಮೊಳೆ ಹೊಡೆದ್ರೆ ಬಿಚ್ಚೋಕಾಗಲ್ಲಪ್ಪ. ಬೋಲ್ಟಾದ್ರೆ ಮುಂದಿನ ವರ್ಷ ಇದೇ ಮರದಲ್ಲಿ ಬೇರೆ ಮನೆ ಕಟ್ಟಬಹುದು. ಬಿಚ್ಚಿದಾಗ ಹುಳ ಹಿಡಿದಿದ್ರೂ ಗೊತ್ತಾಗುತ್ತೆ."

"ನನಗೇ ಪಾಠ ಹೇಳು," ಎಂದು ಗೊಣಗಿದ. ಆದರೆ ಸ್ವಲ್ಪ ಹೊತ್ತಿನ ಮೇಲೆ ಸ್ಪ್ಯಾನರ್ ಹಿಡಿದು ನಟ್ಟು ಬಿಗಿಯುತ್ತಿದ್ದವನೂ ಅವನೇ.

ನಾಟಕದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆ ಇಲ್ಲದ ವೇದಿಕೆ ನೋಡಿ ಮುಂದಿನ ಸಾಲಿನವರು ಪಿಸುಗುಟ್ಟಿದರು. ಮೊದಲ ದೃಶ್ಯ ಮುಗಿಯಿತು. ಹುಡುಗಿಯರು ಎಲ್ಲರ ಕಣ್ಣೆದುರೇ ಗೋಡೆಗಳನ್ನು ತಳ್ಳಿ ತಿರುಗಿಸಿದರು. ಮನೆಯೊಂದು ನೋಡನೋಡುತ್ತ ಬೀದಿಯಾಯಿತು. ಸಭೆಯಿಂದ ಚಪ್ಪಾಳೆ ಸಿಡಿಯಿತು.

ಎರಡನೇ ಸಲ ತಿರುಗಿಸುವಾಗ ಒಂದು ಚಕ್ರ ನೆಲದ ಬಿರುಕಿಗೆ ಸಿಕ್ಕಿಕೊಂಡಿತು. ಪಕ್ಕದಲ್ಲಿ ನಿಂತಿದ್ದ ಲ್ಯಾಬ್ ಅಕ್ಕ ಓಡಲು ಹೆಜ್ಜೆ ಎತ್ತಿಯೂ ತಡೆದುಕೊಂಡಳು. ಅಜ್ಜಿ ಪಾತ್ರದ ಹುಡುಗಿ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, "ಬಾರೇ ಸೊಸೆ, ಗೋಡೆ ಒಂಚೂರು ಹಠ ಮಾಡ್ತಿದೆ, ಎತ್ತಿಕೊಂಡೇ ಹೋಗೋಣ" ಎಂದಳು. ಇಬ್ಬರೂ ಆ ಗೋಡೆಯನ್ನು ಮಗುವಿನ ಹಾಗೆ ಎತ್ತಿಕೊಂಡು ನಡೆದರು. ಸಭೆ ಬಿದ್ದು ಬಿದ್ದು ನಕ್ಕಿತು. ಹಳೇ ಚೌಕಟ್ಟಾಗಿದ್ದರೆ ನಾಲ್ಕು ಗಂಡಸರೇ ಬೇಕಿತ್ತು.

ಕೊನೆಗೆ ಹೆಡ್ ಮೇಡಂ ಲ್ಯಾಬ್ ಅಕ್ಕನನ್ನು ವೇದಿಕೆಗೆ ಕರೆದರು. ಕೈಗೆ ಅಂಟಿದ ಬಣ್ಣ ಮುಚ್ಚಿಕೊಳ್ಳಲು ನೋಡಿದಳು. ಆಮೇಲೆ ಅನಿಸಿತು, ಯಾಕೆ ಮುಚ್ಚಬೇಕು? ಎರಡೂ ಕೈ ಎತ್ತಿ ಮುಗಿದಳು. ಮೂರನೇ ಸಾಲಿನಲ್ಲಿ ಅಪ್ಪ ಎದ್ದು ನಿಂತಿದ್ದ. ಹಿಂದಿನವರು ಕೂರಿ ಎಂದರೂ ಕೂರಲಿಲ್ಲ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಕಂಡಕ್ಟರನನ್ನು ಮಾತಿಗೆ ಹಿಡಿದುಕೊಂಡಿದ್ದ.

"ಆ ತೊಲೆ ಏರಿಸಿದ್ದು ನಾನು. ಇಳಿಸಿದ್ದು ಯಾರು ಗೊತ್ತಾ? ಹಿಂದೆ ಕೂತಿದ್ದಾಳಲ್ಲ, ಅವಳು. ನನ್ನ ಮಗಳು. ಮೊಳೇನೇ ಇಲ್ಲ ಸ್ವಾಮಿ, ಎಲ್ಲಾ ಬೋಲ್ಟು!"

"ಟಿಕೆಟ್ ತಗೊಳ್ಳಿ ಯಜಮಾನ್ರೇ," ಎಂದ ಕಂಡಕ್ಟರ್.

"ಕೊಡುವಿರಂತೆ ಇರಿ, ಚಕ್ರದ ವಿಷಯ ಇನ್ನೂ ಹೇಳೇ ಇಲ್ಲ."

ಲ್ಯಾಬ್ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಬರುತ್ತಿದ್ದ ನಗುವನ್ನು ತಡೆಯದೆ, ಅಪ್ಪನ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿಸಿಕೊಂಡಳು.