ಬೆತ್ತದ ಅಂಗಡಿಗೆ ಬಂದ ಹನ್ನೊಂದು ಕುರ್ಚಿ

ಆ ಅಂಗಡಿಯಲ್ಲಿ ಉಳಿದಿದ್ದದ್ದು ನಾಲ್ಕೇ ಕುರ್ಚಿ. ಯಾವುದೋ ಹಳೆಯ ಹೋಟೆಲಿನವು. ನಾಲ್ಕಕ್ಕೂ ಕೂರುವ ಜಾಗದ ಬೆತ್ತ ಹರಿದು ಜೋತುಬಿದ್ದಿತ್ತು. ಅವನ್ನು ಹೆಣೆದು ಕಳಿಸಿದರೆ ಮುಂದಕ್ಕೆ ಕೆಲಸವಿಲ್ಲ. ಮಾವ ಮತ್ತು ಸೊಸೆ, ಇಬ್ಬರೇ ಅಲ್ಲಿ ಕೂತು ಹೆಣೆಯುವವರು. ಮಾವನದು ಮೂವತ್ತೆಂಟು ವರ್ಷ ಪಳಗಿದ ಕೈ. ಸೊಸೆ ಮದುವೆಯಾಗಿ ಬಂದ ಮೇಲೆ ಕಲಿತವಳು. ಏಳು ವರ್ಷ ಹಿಡಿದಿತ್ತು. ಈಗೀಗ ಮೂಲೆ ತಿರುಗಿಸುವಾಗಲೂ ಅವಳ ಎಳೆ ಸಡಿಲಾಗುತ್ತಿರಲಿಲ್ಲ.

ಒಂದು ಸಂಜೆ ಕಟ್ಟಡದ ಯಜಮಾನ ಬಾಗಿಲಲ್ಲಿ ನಿಂತು ಹೇಳಿದ: "ನೀರಿನ ಕ್ಯಾನ್ ಇಡೋಕೆ ಒಬ್ಬರು ಈ ಕೋಣೆ ಕೇಳ್ತಿದ್ದಾರೆ. ಬಿಡೋದಾದ್ರೆ ತಿಂಗಳ ಕೊನೆಯೊಳಗೆ ಒಂದು ಮಾತು ಹೇಳಿ. ನಾನೇನೂ ನಿಮ್ಮನ್ನ ಎಬ್ಬಿಸ್ತಿಲ್ಲ ಮತ್ತೆ."

ಅವನು ಅತ್ತ ಹೋದ ಮೇಲೆ ಮಾವ ಉಳಿ ಒರೆಸುತ್ತ ಅಂದರು: "ಬಿಟ್ಟುಬಿಡೋಣ ಕಣಮ್ಮ. ಎಲ್ಲರ ಮನೇಲೂ ಪ್ಲಾಸ್ಟಿಕ್ ಕುರ್ಚಿ. ಬೆತ್ತದ ಕುರ್ಚಿ ಇನ್ನು ಯಾರ ಮನೇಲಿದೆ ಹೇಳು?"

ಸೊಸೆ ಮಿಕ್ಕ ಎಳೆಗಳನ್ನು ಸುತ್ತಿಡುತ್ತ ಯೋಚಿಸಿದಳು. ಕೋಣೆ ಬಿಟ್ಟರೆ ತಾನು ಊರಾಚೆಯ ಗೋದಾಮಿಗೆ ಪೆಟ್ಟಿಗೆಗಳಿಗೆ ಟೇಪ್ ಅಂಟಿಸಲು ಹೋಗಬೇಕು. ಏಳು ವರ್ಷ ಕಲಿತ ಕೈ ಅಲ್ಲಿ ಯಾರಿಗೂ ಬೇಡ.

ಪಕ್ಕದ ಅಂಗಡಿಯ ಟೈಲರಕ್ಕನ ಹತ್ತಿರ ಹೇಳಿಕೊಂಡಾಗ ಅವಳು, "ಮೊಬೈಲಲ್ಲಿ ಒಂದು ಜಾಹೀರಾತು ಹಾಕಿ ನೋಡೇ. ನನಗೆ ಅರ್ಧ ಗಿರಾಕಿ ಈಗ ಅಲ್ಲಿಂದಲೇ" ಎಂದಳು. ಹೇಗೆಂದು ಕೂತು ತೋರಿಸುವಷ್ಟರಲ್ಲಿ ತಂಗಿಯ ಹೆರಿಗೆಗೆ ಕರೆ ಬಂದು ಹೊರಟೇಹೋದಳು. ಸೊಸೆ ತಾನೇ ಕೂತು, ತನಗೆ ತೋಚಿದಂತೆ ಒತ್ತಿ, ಇದ್ದುದರಲ್ಲೇ ಚೆಂದದ ಕುರ್ಚಿಯ ಚಿತ್ರ ಹಾಕಿ, ಐದು ದಿನಕ್ಕೆ ಜಾಹೀರಾತು ಬಿಟ್ಟಳು.

ಒಂದು ವಾರದ ಮೇಲೆ ಟೈಲರಕ್ಕ ವಾಪಸಾದಾಗ ಮಾವ ಬಾಗಿಲಲ್ಲೇ ಹಿಡಿದರು.

"ಬಾರಮ್ಮಾ, ಬಾ! ನಿನ್ನ ಜಾಹೀರಾತಿನಿಂದ ಇಲ್ಲಿ ಕಾಲಿಡೋಕೆ ಜಾಗ ಇಲ್ಲ ನೋಡು. ಸಾಲು ಹಿಟ್ಟಿನ ಗಿರಣಿ ದಾಟಿದೆ."

"ಯಾಕೆ ದೊಡ್ಡಪ್ಪ, ಒಬ್ಬರೂ ಬರಲಿಲ್ವಾ?"

"ಒಂದು ನೊಣ ಬಂದಿತ್ತು. ಅದೂ ಕೂರಲಿಲ್ಲ."

ಟೈಲರಕ್ಕ ನಕ್ಕು ಸೊಸೆಯ ಫೋನ್ ಕೈಗೆ ತೆಗೆದುಕೊಂಡಳು. ನೋಡುತ್ತ ನೋಡುತ್ತ ಅವಳ ನಗು ನಿಂತಿತು. "ಇದೇನೇ ಇದು? ಹತ್ತೊಂಬತ್ತು ಫೋನ್ ಬಂದಿದೆ, ಒಂದನ್ನೂ ಎತ್ತಿಲ್ಲ. ಎಲ್ಲಾ ಬೆಳಿಗ್ಗೆ ಒಂಬತ್ತರಿಂದ ಒಂದು ಗಂಟೆಯೊಳಗೆ."

"ಆಗ ಎಳೆ ಕೈಯಲ್ಲಿರುತ್ತಲ್ಲಕ್ಕ," ಎಂದಳು ಸೊಸೆ.

ಬೆತ್ತದ ಎಳೆಯನ್ನು ಮೊದಲು ನೀರಲ್ಲಿ ನೆನೆಸಬೇಕು. ನೆಂದಾಗ ಅದು ಹೇಳಿದ ಕಡೆ ಬಾಗುತ್ತದೆ. ಒಣಗಿತೋ, ಮೂಲೆಯಲ್ಲಿ ಪಟ್ಟನೆ ಮುರಿಯುತ್ತದೆ. ಅದಕ್ಕೇ ಬೆಳಿಗ್ಗೆ ಹೆಣೆಯಲು ಕೂತರೆ ಸಾಲು ಮುಗಿಯುವವರೆಗೆ ಏಳುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಮಾವ ಹಾಕಿದ ನಿಯಮ ಅದು.

"ಆಮೇಲಾದ್ರೂ ತಿರುಗಿ ಮಾಡಬಾರದಿತ್ತಾ?"

"ಗುರುತಿಲ್ಲದ ನಂಬರು. ಸಾಲ ಬೇಕಾ ಅಂತ ಕೇಳೋರು ಅಂತ ನಾನೇ ಬೇಡ ಅಂದೆ," ಎಂದರು ಮಾವ, ಸ್ವಲ್ಪ ದನಿ ತಗ್ಗಿಸಿ.

"ನಾನು ಇಬ್ಬರಿಗೆ ಮಾಡಿದೆ ಅಕ್ಕ," ಸೊಸೆ ಹೇಳಿದಳು. "ಒಬ್ಬರದು ರೈಲಲ್ಲಿ ಒಂದು ಹಗಲು ದೂರದ ಊರು. ಇನ್ನೊಬ್ಬರು ಹೊಸ ಕುರ್ಚಿ ಎಷ್ಟು ಅಂತ ಕೇಳಿದ್ರು. ಮಾರೋದಿಲ್ಲ ಅಂದೆ. ಮತ್ಯಾಕೆ ಜಾಹೀರಾತು ಹಾಕಿದ್ದೀರಿ ಅಂತ ಬೈದು ಇಟ್ಟರು."

ಟೈಲರಕ್ಕ ಸ್ಟೂಲ್ ಎಳೆದುಕೊಂಡು ಕೂತಳು. "ಜಾಹೀರಾತಿನ ತಪ್ಪಿಲ್ಲ ದೊಡ್ಡಪ್ಪ. ನಿಮ್ಮ ಕೆಲಸ ಹೇಗೆ ನಡೆಯುತ್ತೆ ಅಂತ ಅದಕ್ಕೆ ಯಾರೂ ಹೇಳಲಿಲ್ಲ. ಈಗ ಹೇಳೋಣ."

"ಅದಕ್ಕೇನು ಕಿವಿ ಇದೆಯಾ?"

"ಇದೆ ಅಂತಲೇ ಇಟ್ಟುಕೊಳ್ಳಿ. ಇಲ್ಲಿ ನೋಡಿ, ನಕ್ಷೆ. ಮುರಿದ ಕುರ್ಚಿ ಹೊತ್ತುಕೊಂಡು ಎಷ್ಟು ದೂರದಿಂದ ಬರ್ತಾರೆ?"

ಮಾವ ಯೋಚಿಸಿದರು. "ಗಾಡೀಲಿ ಹಾಕ್ಕೊಂಡು ಬಂದರೂ ಹದಿನೈದು ಕಿಲೋಮೀಟರ್. ಅದಕ್ಕಿಂತ ದೂರದೋರು ಬರಲ್ಲ."

ಟೈಲರಕ್ಕ ನಕ್ಷೆಯ ಮೇಲೆ ಅಷ್ಟಕ್ಕೇ ಒಂದು ವೃತ್ತ ಎಳೆದಳು. ಅದರ ಆಚೆಯವರಿಗೆ ಜಾಹೀರಾತು ಕಾಣುವುದಿಲ್ಲ. ಅವರಿಗೆ ತೋರಿಸಿ ದುಡ್ಡು ಕಳೆಯುವುದೂ ಇಲ್ಲ. ದಿನಕ್ಕೆ ಇಷ್ಟೇ ಖರ್ಚಾಗಲಿ ಎಂದು ಒಂದು ಸಣ್ಣ ಮಿತಿ ಹಾಕಿದಳು. ಮಧ್ಯಾಹ್ನ ಎರಡರಿಂದ ಆರರವರೆಗೆ ಮಾತ್ರ ಫೋನ್ ಮಾಡಿ, ಬೇರೆ ಹೊತ್ತಿನಲ್ಲಿ ಕುರ್ಚಿಯ ಚಿತ್ರ ತೆಗೆದು ಮೆಸೇಜ್ ಕಳಿಸಿ ಎಂದು ಬರೆದಳು.

"ಚಿತ್ರ ಬದಲಾಯಿಸೋಣ. ಹೋಟೆಲಿನ ಹರಿದ ಕುರ್ಚಿ ಒಂದು, ಹೆಣೆದದ್ದು ಒಂದು, ಅಕ್ಕಪಕ್ಕ ಇಡು. ದೊಡ್ಡಪ್ಪ, ನೀವು ಪಕ್ಕ ಕೂತ್ಕೊಳ್ಳಿ."

"ಈ ಮುಖ ನೋಡಿದರೆ ಬರೋರೂ ಬರಲ್ಲ."

"ಮುಖ ಯಾರಿಗೆ ಬೇಕು? ಕೈ ಕೊಡಿ ಸಾಕು."

ಚಿತ್ರದಲ್ಲಿ ಮಾವನ ಕೈ ಬಂತು, ಹೆಬ್ಬೆರಳ ಉಗುರಿನ ಪಕ್ಕದ ಗೀರು ಸಮೇತ. ಕೆಳಗೆ ಸೊಸೆ ಬರೆದಳು: 'ಹರಿದ ಬೆತ್ತದ ಕುರ್ಚಿ ಹೆಣೆದು ಕೊಡುತ್ತೇವೆ. ಹೊಸದು ಮಾರುವುದಿಲ್ಲ.'

ಏಳುವಾಗ ಟೈಲರಕ್ಕ ಸೊಸೆಗೆ ಇನ್ನೊಂದು ಮಾತು ಹೇಳಿದಳು. "ಜಾಹೀರಾತು ಹಾಕಿದ ಮೇಲೆ, ಹೆಚ್ಚು ಗಿರಾಕಿ ತಂದುಕೊಡ್ತೀವಿ, ಫೋನಿಗೆ ಬಂದ ಓಟಿಪಿ ಹೇಳಿ ಅಂತ ಯಾರಾದ್ರೂ ಕೇಳಿದ್ರೆ ಮಾತಾಡದೆ ಇಟ್ಟುಬಿಡು. ನನ್ನ ನಾದಿನಿ ಹಂಗೇ ಕೈ ಸುಟ್ಟುಕೊಂಡಳು."

ಮೊದಲ ಎರಡು ದಿನ ಏನೂ ಆಗಲಿಲ್ಲ. ಜಾಹೀರಾತನ್ನು ಎಷ್ಟು ಜನ ನೋಡಿದರು ಎಂಬ ಲೆಕ್ಕ ಫೋನಿನಲ್ಲೇ ಕಾಣುತ್ತಿತ್ತು. "ನೋಡಿದೋರೆಲ್ಲ ನಿಂತೇ ಇದ್ದಾರೆ, ಕೂರೋರು ಯಾರೂ ಇಲ್ಲ," ಎಂದರು ಮಾವ. ಮೂರನೆಯ ದಿನ ಒಂದು ಮೆಸೇಜ್ ಬಂತು. ಮಂದ ಬೆಳಕಿನ ಕೋಣೆಯೊಂದರಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಹನ್ನೊಂದು ಕುರ್ಚಿಗಳ ಚಿತ್ರ. ಎಲ್ಲದರ ಬೆತ್ತವೂ ಹರಿದಿತ್ತು. ಕಳಿಸಿದವರು ಒಂದು ವಾಚನಾಲಯವನ್ನು ನೋಡಿಕೊಳ್ಳುವ ಹೆಂಗಸು. ಅವರು ಕೊಟ್ಟ ವಿಳಾಸ ಓದಿ ಸೊಸೆ ಮಾವನ ಮುಖ ನೋಡಿದಳು. ಅದು ಅಂಗಡಿಯಿಂದ ನಾಲ್ಕೇ ಬೀದಿ ಆಚೆ.

ಇಬ್ಬರೂ ನಡೆದೇ ಹೋದರು. ಹೆಂಗಸು ಹಿಂದಿನ ಕೋಣೆಯ ಬೀಗ ತೆಗೆದರು.

"ಗಟ್ಟಿ ಮರ. ಎಸೆಯೋಕೆ ಮನಸ್ಸು ಬರಲಿಲ್ಲ," ಎಂದರು ಅವರು. "ಆರು ವರ್ಷ ಆಯ್ತು. ಈ ಕೆಲಸ ಬಲ್ಲೋರು ಯಾರೂ ಉಳಿದಿಲ್ಲ ಅಂದ್ಕೊಂಡಿದ್ವಿ. ಈ ತಿಂಗಳು ಸೌದೆಗೆ ಕೊಟ್ಟುಬಿಡೋರಿದ್ವಿ."

ಮಾವ ಒಂದು ಕುರ್ಚಿಯನ್ನು ತಿರುಗಿಸಿ, ಚೌಕಟ್ಟಿನ ತೂತುಗಳ ಮೇಲೆ ಬೆರಳಾಡಿಸಿದರು. ಹನ್ನೊಂದನ್ನೂ ಹೆಣೆದು ಕೊಡುತ್ತೇವೆಂದು ಒಪ್ಪಿಕೊಂಡರು.

ಹಿಂತಿರುಗುವಾಗ ಸೊಸೆಗೆ ಹೇಳಿದರು: "ಮೂವತ್ತೆಂಟು ವರ್ಷ ನಾನು ಅಂಗಡೀಲೇ ಕೂತಿದ್ದೀನಿ ಕಣಮ್ಮ. ಕುರ್ಚಿನೇ ಇಲ್ಲ ಅಂತ ನಾನಂದ್ಕೊಂಡೆ. ಹೆಣೆಯೋನೇ ಇಲ್ಲ ಅಂತ ಅವರಂದ್ಕೊಂಡರು. ನಡುವೆ ನಾಲ್ಕು ಬೀದಿ."

ವಾರ ಮುಗಿಯುವುದರೊಳಗೆ ಇನ್ನೂ ಮೂವರು ಬಂದರು. ಒಬ್ಬರದು ತೂಗುಕುರ್ಚಿ, ಇನ್ನೊಬ್ಬರದು ಕ್ಷೌರದ ಅಂಗಡಿಯ ಬೆಂಚು. ಮತ್ತೊಬ್ಬರು ಬೆಲೆ ಕೇಳಿ, ಯೋಚಿಸಿ ಹೇಳುತ್ತೇನೆಂದು ಹೋದವರು ತಿರುಗಿ ಬರಲಿಲ್ಲ. ಅಷ್ಟರಲ್ಲಿ ಮಾವ ಸೊಸೆಯನ್ನು ಕರೆದು, "ಸದ್ಯಕ್ಕೆ ಜಾಹೀರಾತನ್ನ ನಿಲ್ಲಿಸೋಕಾಗುತ್ತಾ ನೋಡು. ಒಪ್ಪಿಕೊಂಡದ್ದು ಮೊದಲು ಮುಗೀಲಿ. ಹೇಳಿದ ದಿನಕ್ಕೆ ಕೊಡದಿದ್ರೆ ಯಾವ ಜಾಹೀರಾತೂ ನಮ್ಮನ್ನ ಕಾಪಾಡಲ್ಲ," ಎಂದರು. ಸೊಸೆ ಒಂದು ಗುಂಡಿ ಒತ್ತಿ ನಿಲ್ಲಿಸಿದಳು. ಬೇಕಾದಾಗ ಮತ್ತೆ ಶುರು ಮಾಡಬಹುದಿತ್ತು.

ತಿಂಗಳ ಕೊನೆಯ ದಿನ ಕಟ್ಟಡದ ಯಜಮಾನ ಬಂದ. ಕುರ್ಚಿಗಳು ತುಂಬಿ ಒಳಗೆ ಬರಲು ಜಾಗ ಸಾಲದೆ ಹೊಸ್ತಿಲ ಮೇಲೇ ನಿಂತ.

"ಏನಂತೀರಿ? ಕೋಣೆ ಬಿಡ್ತೀರಾ?"

ಮಾವ ತಲೆ ಎತ್ತದೆ ಸೊಸೆಯ ಕಡೆ ಕೈ ತೋರಿಸಿದರು. "ಅವಳನ್ನ ಕೇಳು. ಇನ್ನು ಮುಂದೆ ಅಂಗಡಿ ಅವಳದು."

ಸೊಸೆ ಹಿಡಿದ ಎಳೆಯನ್ನು ಬಿಗಿ ಮಾಡಿ, ಅವನತ್ತ ನೋಡಿದಳು. "ಇಲ್ಲಣ್ಣ, ಬಿಡಲ್ಲ," ಎಂದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಯಲ್ಲೂ ಒಂದು ಕೆಲಸ ಇರಬಹುದು: ಹೊಲಿಗೆ, ರಿಪೇರಿ, ಬಡಗಿ ಕೆಲಸ. ಗಿರಾಕಿ ಇಲ್ಲವೆಂದು ಬಾಗಿಲು ಹಾಕುವ ಮೊದಲು ಒಮ್ಮೆ ಕೂತು ಯೋಚಿಸಿ. ನಿಮ್ಮ ಕೆಲಸ ಬೇಕಾದವರು ಎಷ್ಟು ದೂರದಲ್ಲಿರುತ್ತಾರೆ? ಯಾವ ಹೊತ್ತಿನಲ್ಲಿ ನೀವು ಅವರೊಡನೆ ಮಾತಾಡಬಲ್ಲಿರಿ? ಏನು ಮಾಡಿಕೊಡುತ್ತೀರಿ, ಏನು ಮಾಡುವುದಿಲ್ಲ? ಇಷ್ಟನ್ನು ಒಂದು ಕಾಗದದ ಮೇಲೆ ಬರೆದುಕೊಂಡು, ಬಲ್ಲವರೊಬ್ಬರನ್ನು ಪಕ್ಕ ಕೂರಿಸಿಕೊಂಡು, ಕಳೆದರೂ ತಡೆದುಕೊಳ್ಳುವಷ್ಟೇ ಹಣದಲ್ಲಿ ಒಂದು ಸಣ್ಣ ಜಾಹೀರಾತು ಹಾಕಿ. ಕೆಲಸ ಚೆನ್ನಾಗಿ ಮಾಡುವುದು ಹೇಗೂ ನಿಮಗೆ ಗೊತ್ತು. ನೀವಿದ್ದೀರಿ ಎಂಬುದು ಅವರಿಗೂ ಗೊತ್ತಾಗಲಿ.