ಬರ್ಲೆವೋಗಿಗೆ ಅರ್ಧ ಗಂಟೆ

ದೇಶದ ಉತ್ತರ ತುದಿಯ ಬರ್ಲೆವೋಗಿನಿಂದ ಹೊರಟ ಗುನ್ವೋರ್ ಕಿರ್ಕೆನೆಸ್ ಆಸ್ಪತ್ರೆಯನ್ನು ಮುಟ್ಟುವ ಹೊತ್ತಿಗೆ ಅವಳ ತಾಯಿ ತೀರಿಕೊಂಡು ಒಂದು ದಿನ ಕಳೆದಿತ್ತು. ಕೊನೆಯ ಗಳಿಗೆಯಲ್ಲಿ ತಾಯಿಯ ಕೈ ಹಿಡಿದು ಕೂತಿದ್ದವನು ಓಸ್ಲೋದಿಂದ ಬಂದಿದ್ದ ತಮ್ಮ ಐಲಿಫ್.

"ನಾನು ದೇಶದ ಆ ತುದಿಯಿಂದ ಬಂದೆ. ನೀನು ಪಕ್ಕದೂರಿಂದ ಬರೋಕಾಗ್ಲಿಲ್ವಾ ಅಕ್ಕ?" ಎಂದು ಅವನು ಫೋನಿನ ನಕ್ಷೆಯನ್ನು ಅವಳ ಮುಖಕ್ಕೆ ಹಿಡಿದ. "ನೋಡು, ಬರ್ಲೆವೋಗಿಂದ ಇಲ್ಲಿಗೆ ನೂರಮೂವತ್ತು ಕಿಲೋಮೀಟರು. ವಿಮಾನದಲ್ಲಿ ಅರ್ಧ ಗಂಟೆ."

ಗುನ್ವೋರ್‌ಗೆ ಮೈಯೆಲ್ಲ ಉರಿದುಹೋಯಿತು. ಬಿರುಗಾಳಿ ಎದ್ದಾಗಿನಿಂದ ಅವಳು ಊರಿನ ಪುಟ್ಟ ವಿಮಾನ ನಿಲ್ದಾಣದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾದಿದ್ದಳು. ಮೋಡದ ಮೇಲೆ ವಿಮಾನದ ಸದ್ದು ಕೇಳುತ್ತಿತ್ತು, ಇಳಿಯದೆ ಹಾಗೇ ದೂರವಾಗುತ್ತಿತ್ತು. ಗುಡ್ಡದ ರಸ್ತೆ ಹಿಮದಲ್ಲಿ ಹೂತಿತ್ತು. ಹಡಗು ಬಂದರಿನೊಳಗೆ ಬರಲೇ ಇಲ್ಲ.

"ಆ ಫೋನಿಗೆ ಗಾಳಿ ಗೊತ್ತಾ? ಅಲ್ಲೇ ಬೆಳೆದ ನಿನಗಾದ್ರೂ ನೆನಪಿದೆಯಾ?" ಎಂದಳು.

"ಪ್ರತಿಸಲ ನಿಂಗೆ ಗಾಳಿ, ಇಲ್ಲ ಹಿಮ. ಒಂದಲ್ಲ ಒಂದು ನೆಪ."

ಅವಳು ಅವನನ್ನು ದಾಟಿ ತಾಯಿಯಿದ್ದ ಕೋಣೆಗೆ ನಡೆದಳು.

ಬರ್ಲೆವೋಗಿನಲ್ಲಿ ಗಂಡನ ಪಕ್ಕದಲ್ಲೇ ತನ್ನನ್ನು ಮಣ್ಣು ಮಾಡಬೇಕೆಂದು ತಾಯಿ ಹೇಳಿದ್ದಳು. ಶವಪೆಟ್ಟಿಗೆಯನ್ನು ವಿಮಾನದ ಸಾಮಾನು ಗೂಡಿಗೆ ಏರಿಸಿದರು. ಅಕ್ಕ ತಮ್ಮ ಅಕ್ಕಪಕ್ಕ ಕೂತರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬರ್ಲೆವೋಗಿನ ಮೇಲೆ ಮೋಡ ಸರಿದಾಗ ಅಲೆ ತಡೆಯುವ ಗೋಡೆ, ಮೀನಿನ ಕಾರ್ಖಾನೆ, ಅವರದೇ ಮನೆಯ ಮಾಡು ಎಲ್ಲ ಕಂಡವು. ಅಷ್ಟರಲ್ಲಿ ವಿಮಾನ ಒಮ್ಮೆಲೇ ಕುಸಿದು ಅಡ್ಡಕ್ಕೆ ವಾಲಿತು. ಐಲಿಫ್ ಅಕ್ಕನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಯಂತ್ರಗಳು ಅಬ್ಬರಿಸಿದವು, ಊರು ಕೆಳಗೆ ಉಳಿಯಿತು. ಗಾಳಿ ಜೋರಾಗಿದೆ, ಇಳಿಯಲಾಗದು, ವಾಪಸು ಹೋಗುತ್ತೇವೆ ಎಂದ ಪೈಲಟ್.

ಕಿರ್ಕೆನೆಸಿನಲ್ಲಿ ಇಳಿದವನೇ ಐಲಿಫ್ ಕೌಂಟರಿನ ಹುಡುಗಿಯ ಮೇಲೆ ಹರಿಹಾಯ್ದ. "ನಮ್ಮಮ್ಮ ಆ ಪೆಟ್ಟಿಗೇಲಿದಾಳೆ. ಸಾಮಾನು ಅಂದ್ಕೊಂಡಿದೀರಾ?"

ಗುನ್ವೋರ್ ಅವನ ಅಂಗಿಯ ತೋಳು ಹಿಡಿದು ಎಳೆದಳು. "ಅವಳ ಮೇಲೆ ಯಾಕೆ ಕೂಗಾಡ್ತೀಯ? ಗಾಳಿ ಬೀಸ್ತಿರೋದು ಅವಳಾ? ನಮ್ಮೂರ ಆಸ್ಪತ್ರೇಲೇ ಅಮ್ಮಂಗೆ ಮಲಗೋಕೆ ಒಂದು ಹಾಸಿಗೆ ಇತ್ತು, ಒಬ್ಬ ಡಾಕ್ಟರಿದ್ದ. ಅರ್ಧ ಗಂಟೆ ದಾರಿ ತಾನೆ ಅಂತ ಅದನ್ನ ಮುಚ್ಚಿದ್ರಲ್ಲ, ಅವರ ಮುಂದೆ ಹೋಗಿ ಕೂಗು. ಆಗ ನೀನೂ ಸರಿ ಅಂದಿದ್ದೆ."

ಅವನು ಗೋಡೆಗೆ ಒರಗಿ ನಿಂತುಬಿಟ್ಟ.

ಗಾಳಿ ಇಳಿದ ಮೇಲೆ ತಾಯಿಯನ್ನು ಊರಿಗೆ ತಂದು ಮಣ್ಣು ಮಾಡಿದರು. ಅಂದು ಗುನ್ವೋರ್ ಮೀನಿನ ಸಾರು ಕಾಯಿಸಿ ತಮ್ಮನ ಮುಂದೆ ತಟ್ಟೆಯನ್ನು ಕುಕ್ಕಿದಳು.

"ಕೋಪ ಇನ್ನೂ ಇದೆಯಾ ಅಕ್ಕ?"

"ಇದೆ. ನಿನ್ನ ಮೇಲಿರೋದು ಇಳಿಯುತ್ತೆ. ಉಳಿದದ್ದು ಇಳಿಯಲ್ಲ." ಅವಳು ಅವನೆದುರಿಗೆ ಕುರ್ಚಿ ಎಳೆದುಕೊಂಡಳು. "ಈಗ ಹೇಳು. ಅಮ್ಮ ಕೊನೇಗೆ ಏನೇನು ಮಾತಾಡಿದ್ಲು? ಒಂದನ್ನೂ ಬಿಡಬೇಡ."

ಐಲಿಫ್ ಚಮಚ ಕೆಳಗಿಟ್ಟು ಹೇಳತೊಡಗಿದ.