ಗಾಜಿನ ಹಿಂದಿನ ಶೇಗಡಿ

ನಾನು ಒಂದು ಶೇಗಡಿ. ಇದ್ದಿಲ ಕೆಂಡದ ಮೇಲೆ ಕಬಾಬು ಸುಡಲೆಂದು ಮಾಡಿದ, ಮೂರಡಿ ಉದ್ದದ, ನಾಲ್ಕು ಕಾಲಿನ ಕಬ್ಬಿಣದ ಒಲೆ. ಹುಟ್ಟಿದ್ದು ಹಳೇ ಹುಬ್ಬಳ್ಳಿಯ ಈರಪ್ಪ ಕಮ್ಮಾರನ ಕುಲುಮೆಯಲ್ಲಿ. ಮುರಿದ ಲಾರಿಯೊಂದರ ತಗಡನ್ನು ಕತ್ತರಿಸಿ, ಬಡಿದು, ಬಗ್ಗಿಸಿ, ಒಂದೇ ಮಧ್ಯಾಹ್ನದಲ್ಲಿ ಅವನು ನನ್ನನ್ನು ಮುಗಿಸಿಬಿಟ್ಟ. ಅದೇ ದಿನ ಯಾರದೋ ಮನೆಯ ತೊಟ್ಟಿಲಿಗೆ ಸರಪಳಿಯನ್ನೂ ಮಾಡುತ್ತಿದ್ದ. ಅದರ ಒಂದೊಂದು ಕೊಂಡಿಯನ್ನೂ ಅರದಿಂದ ಉಜ್ಜಿ ನುಣುಪು ಮಾಡಿದ. ನನ್ನ ಅಂಚು ಮಾತ್ರ ಒರಟಾಗಿಯೇ ಉಳಿಯಿತು. ಹುಟ್ಟಿದ ದಿನವೇ ನಾನು ಆ ಸರಪಳಿಯನ್ನು ನೋಡಿ ಹೊಟ್ಟೆ ಉರಿದುಕೊಂಡೆ. ಸುಳ್ಳು ಯಾಕೆ ಹೇಳಲಿ, ಆಮೇಲೂ ನನ್ನ ಬಾಳು ಹೆಚ್ಚುಕಡಿಮೆ ಹಾಗೆಯೇ ಕಳೆಯಿತು.

ನನ್ನನ್ನು ಕೊಂಡವನು ದಸ್ತಗೀರ್. ಆಗ ಅವನಿಗೆ ನಲವತ್ತು ದಾಟಿರಲಿಲ್ಲ. ಮಾತು ಕಡಿಮೆ, ಕೈ ಚುರುಕು. ಕೋರ್ಟಿನ ಹಿಂದಿನ ಓಣಿಯಲ್ಲಿ ಒಂದು ತಳ್ಳುಗಾಡಿಯ ಮೇಲೆ ನನ್ನನ್ನು ಕೂರಿಸಿದ. ಹೆಂಡತಿ ಶಮಶಾದಬಿ ಮನೆಯಲ್ಲೇ ಮಸಾಲೆ ಅರೆದು ಕೊಡುತ್ತಿದ್ದಳು. ಇವನು ಬೆಳಿಗ್ಗೆ ಕೋಳಿ ತಂದು, ಕೊಯ್ದು, ಮಸಾಲೆ ಹಚ್ಚಿ ಮಧ್ಯಾಹ್ನದ ತನಕ ಇಡುತ್ತಿದ್ದ. ಗಿರಾಕಿ ಎದುರಿಗೆ ಬಂದು ನಿಂತ ಮೇಲೆಯೇ ಕಂಬಿಗೆ ಚುಚ್ಚುತ್ತಿದ್ದ. ಮೊದಲೇ ಸುಟ್ಟು ಇಟ್ಟುಕೊಂಡದ್ದನ್ನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಾನು ನೋಡಲಿಲ್ಲ. ಕೆಲಸ ಮುಗಿದ ಮೇಲೆ ಬೂದಿಯಿಂದ ನನ್ನನ್ನು ತಿಕ್ಕಿ, ಹಿಂಡಿದ ನಿಂಬೆ ಸಿಪ್ಪೆಯಿಂದ ಉಜ್ಜಿ, ಅಂಚಿಗೆ ಒಂದಿಷ್ಟು ಎಣ್ಣೆ ಸವರಿ ಮನೆಗೆ ಹೊರಡುತ್ತಿದ್ದ.

ಸುಖವಾಗಿದ್ದೆ ಅನ್ನಬೇಕು. ಆದರೂ ಪಕ್ಕದಲ್ಲಿ ಮಂಡಕ್ಕಿ ಕಲಸಿ ಕೊಡುವ ಗಿರ್ಮಿಟ್ ಗಾಡಿಗೆ ಜನ ಮುಗಿಬಿದ್ದರೆ ನನಗೆ ತಡೆಯುತ್ತಿರಲಿಲ್ಲ. ದಸ್ತಗೀರನ ಬೀಸಣಿಗೆಯನ್ನು ಕಂಡರೂ ಆಗುತ್ತಿರಲಿಲ್ಲ. ಬೆಂಕಿ ಹೊರುವವನು ನಾನು, ಅವನ ಕೈ ಹಿಡಿದುಕೊಂಡು ಓಡಾಡುವುದು ಅದು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದುದು ಜನರ ಮಾತಿಗೆ. ತಿಂದವರೆಲ್ಲ ದಸ್ತಗೀರನ ಕೈ ರುಚಿ, ದಸ್ತಗೀರನ ಕೈ ರುಚಿ ಅನ್ನುತ್ತಿದ್ದರು. ಒಬ್ಬರಾದರೂ ಬಗ್ಗಿ ನನ್ನ ಕಡೆ ನೋಡಲಿಲ್ಲ. ಕೋಳಿಯ ಕೊಬ್ಬು ತೊಟ್ಟಿಕ್ಕುವುದು ನನ್ನ ಕೆಂಡದ ಮೇಲೆ, ಅದರ ಹೊಗೆ ಎದ್ದು ತುಂಡಿಗೆ ಹತ್ತಿದ್ದಕ್ಕೇ ಆ ರುಚಿ ಎಂದು ನಾನು ನಂಬಿದ್ದೆ.

ಆ ಗಿರಾಕಿಗಳಲ್ಲಿ ಸುವಾರ್ತಾ ಟೀಚರ್ ಒಬ್ಬರು. ಮಿಶನ್ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ನೇರ ನಮ್ಮ ಗಾಡಿಗೆ ಬಂದು, ಕೊಡೆಯ ನೆರಳಲ್ಲಿ ನಿಂತುಕೊಂಡೇ ಎರಡು ಕಂಬಿ ತಿನ್ನುತ್ತಿದ್ದರು. ಮೊದಲ ತುಂಡನ್ನು ಕಣ್ಣು ಮುಚ್ಚಿ ಅಗಿದು, "ಹಾಂ" ಅನ್ನುತ್ತಿದ್ದರು. ಅಷ್ಟೇ. ಅದನ್ನು ಕೇಳುವ ತನಕ ದಸ್ತಗೀರ್ ಬೇರೆ ಯಾರ ಕಂಬಿಯನ್ನೂ ತಿರುವುತ್ತಿರಲಿಲ್ಲ.

ಆಮೇಲೆ ಓಣಿಯ ರಸ್ತೆ ಅಗಲ ಮಾಡಿದರು. ಗಾಡಿಗಳೆಲ್ಲ ಎದ್ದವು. ದಸ್ತಗೀರನ ಮೊಣಕಾಲೂ ಅಷ್ಟರಲ್ಲಿ ಕೈಕೊಟ್ಟಿತ್ತು. ನಾಲ್ಕು ತಿಂಗಳು ನಾನು ಅವನ ಮನೆಯ ಮುಂದೆ ಮಗುಚಿ ಬಿದ್ದಿದ್ದೆ. ಆಗ ಬಂದವನು ಪ್ರಫುಲ್ ಎಂಬ ಮ್ಯಾನೇಜರ್. ದೊಡ್ಡ ರಸ್ತೆಯಲ್ಲಿ ಹೊಸ ಬಾರ್ಬೆಕ್ಯೂ ಹೋಟೆಲ್ ತೆರೆಯುತ್ತಿದ್ದರು. ದಸ್ತಗೀರನ ಹೆಸರು ಊರಿಗೇ ಗೊತ್ತು, ಶೇಗಡಿಯನ್ನು ನಾವೇ ಕೊಂಡುಕೊಳ್ಳುತ್ತೇವೆ, ಜೊತೆಗೆ ನೀವೂ ಬನ್ನಿ, ತಿಂಗಳ ಸಂಬಳ ಕೊಡುತ್ತೇವೆ ಅಂದ. ದಸ್ತಗೀರ್ ಎರಡೇ ಎರಡು ವಿಷಯ ಕೇಳಿದ. ಶುಕ್ರವಾರ ನಮಾಜಿಗೆ ಬಿಡುತ್ತೀರಾ? ನಡುನಡುವೆ ಕೂರಲು ಕುರ್ಚಿ ಇರುತ್ತದಾ? ಎರಡಕ್ಕೂ ಪ್ರಫುಲ್ ಹೂಂ ಅಂದ. ಅಲ್ಲಿ ನಾನು ಏನು ಸುಡಬೇಕು ಎಂದು ದಸ್ತಗೀರ್ ಕೇಳಲೇ ಇಲ್ಲ. ಕೇಳುವುದೇನಿದೆ ಅಂದುಕೊಂಡಿರಬೇಕು.

ಹೋಟೆಲಿನಲ್ಲಿ ನನ್ನನ್ನು ಬಾಗಿಲ ಪಕ್ಕದ ಗಾಜಿನ ಕೋಣೆಯಲ್ಲಿ ಇಟ್ಟರು. ಒಂದು ಕಡೆ ರಸ್ತೆ, ಒಂದು ಕಡೆ ಊಟದ ಹಾಲ್. ತಲೆಯ ಮೇಲೆ ದಸ್ತಗೀರನ ಹೆಸರಿನ ದೊಡ್ಡ ಬೋರ್ಡು. ನನ್ನ ಎದೆ ಉಬ್ಬಿತು. ಕೆಂಡ ಹಾಕಿದರು. ಕಂಬಿಗಳನ್ನು ಜೋಡಿಸಿದರು. ನೋಡುತ್ತೇನೆ, ಕಂಬಿಯ ತುಂಬ ಈರುಳ್ಳಿ ಮತ್ತು ದೊಣ್ಣೆ ಮೆಣಸಿನಕಾಯಿ. ಅವು ಬೇಯುವಂತಿಲ್ಲ, ಬಾಡುವಂತಿಲ್ಲ, ಬರೀ ನೋಡಲಿಕ್ಕೆ. ಗಂಟೆಗೊಮ್ಮೆ ಒಂದು ಚಮಚ ಕೋಳಿ ಕೊಬ್ಬನ್ನು ಕೆಂಡದ ಮೇಲೆ ಸುರಿಯುವುದು, ಎದ್ದ ಹೊಗೆಯನ್ನು ಫ್ಯಾನಿನಿಂದ ರಸ್ತೆಗೆ ತಳ್ಳುವುದು, ಇಷ್ಟೇ ನಮ್ಮ ಕೆಲಸ. ದಸ್ತಗೀರ್ ಉದ್ದನೆಯ ಬಿಳಿ ಟೋಪಿ ಹಾಕಿಕೊಂಡು ನನ್ನ ಪಕ್ಕ ನಿಂತು ಬೀಸಣಿಗೆ ಬೀಸಬೇಕು. ಯಾರಾದರೂ ಕೇಳಿದರೆ ಎಲ್ಲ ನಾನೇ ಸುಡುವುದು ಅನ್ನಬೇಕು.

ನಿಜವಾಗಿ ಸುಡುತ್ತಿದ್ದುದು ಅಡುಗೆಮನೆಯಲ್ಲಿದ್ದ ಗ್ಯಾಸಿನ ಒಲೆ. ಬಾಗಿಲು ತೆರೆದಾಗೆಲ್ಲ ಅದು ನನಗೆ ಕಾಣುತ್ತಿತ್ತು. ಬೆಳ್ಳಗೆ ಹೊಳೆಯುವ ಸ್ಟೀಲಿನ ಮೈ, ಆರು ಗುಂಡಿಗಳು. ದಿನಕ್ಕೆರಡು ಸಲ ಬಟ್ಟೆಯಲ್ಲಿ ಒರೆಸುತ್ತಿದ್ದರು. ಊರಿನ ಕೋಳಿಯೆಲ್ಲ ಅದರ ಮೇಲೆ! ನನಗೆ ಈರುಳ್ಳಿ! ನನ್ನ ಹೊಗೆಯ ವಾಸನೆಗೆ ಬಂದವರು ಒಳಗೆ ಹೋಗಿ ಅದರ ಊಟ ಮಾಡುತ್ತಿದ್ದರು. ಅದು ಕೆಟ್ಟುಹೋಗಲಿ, ಅದರ ನಳಿಕೆ ಕಟ್ಟಿಕೊಳ್ಳಲಿ ಎಂದು ನಾನು ದಿನಾ ಶಾಪ ಹಾಕಿದೆ. ಅದಕ್ಕೆ ಏನೂ ಆಗಲಿಲ್ಲ.

ಒಂದು ದಿನ ಪೇಂಟರ್ ಬಂದು ನನಗೆ ಕರೀ ಎಣ್ಣೆಬಣ್ಣ ಹೊಡೆದ. ಅಂಚಿಗೆ ಬೆಳ್ಳಿ ಬಣ್ಣದ ಗೆರೆ ಎಳೆದ. ಹೊರಗಿನಿಂದ ನೋಡಿದರೆ ನಾನು ಮಂಕಾಗಿ ಕಾಣುತ್ತೇನೆಂದು ಪ್ರಫುಲ್ ಹೇಳಿದ್ದನಂತೆ. ದಸ್ತಗೀರ್ ಬೇಡವೆಂದು ಗೊಣಗಿದ. ನನಗೋ ಹಿಗ್ಗು. ಈಗ ಬರಲಿ ಆ ಸ್ಟೀಲಿನವನು, ನನ್ನ ಎದುರು ನಿಲ್ಲಲಿ ಅಂದುಕೊಂಡೆ. ತಿಂಗಳಿಗೊಮ್ಮೆ ಹೀಗೆ ಬಣ್ಣದ ಮೇಲೆ ಬಣ್ಣ ಏರುತ್ತಾ ಹೋಯಿತು. ಕೆಂಡ ಹೇಗೂ ತೋರಿಕೆಗೆ ನಾಲ್ಕು ಚೂರು, ಅದರ ಕಾವಿಗೆ ಬಣ್ಣಕ್ಕೇನೂ ಆಗುತ್ತಿರಲಿಲ್ಲ.

ಒಂದೂವರೆ ವರ್ಷ ಹೀಗೇ ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ಸುವಾರ್ತಾ ಟೀಚರ್ ಬಂದರು. ಜೊತೆಗೆ ಗಂಡ, ಧಾರವಾಡದಿಂದ ಬಂದ ಮೈದುನ, ಅವನ ಹೆಂಡತಿ ಪ್ರಮೀಳಾ, ಇಬ್ಬರು ಮಕ್ಕಳು. ಈ ಪ್ರಮೀಳಾ ಎಂಥ ಓರಗಿತ್ತಿ ಎಂದು ಟೀಚರ್ ಆಗೆಲ್ಲ ಗಾಡಿಯ ಮುಂದೆ ನಿಂತು ದಸ್ತಗೀರನಿಗೆ ಹೇಳಿದ್ದುಂಟು. ಟೀಚರ್ ಮನೆಯ ಪರದೆ, ಟೀಚರ್ ಮಾಡಿದ ಸಾರು, ಟೀಚರ್ ಹೊಲಿದ ರವಿಕೆ, ಯಾವುದೂ ಅವಳಿಗೆ ಹಿಡಿಸಿದ್ದಿಲ್ಲ. ಆ ದಿನ ಟೀಚರ್ ಗಾಜಿನ ಹತ್ತಿರ ಬಂದು, ಇವರೇ ನಾನು ಹೇಳುತ್ತಿದ್ದ ದಸ್ತಗೀರಣ್ಣ ಎಂದು ಓರಗಿತ್ತಿಗೆ ತೋರಿಸಿದರು. ಮುಖದ ತುಂಬ ಹೆಮ್ಮೆ. ದಸ್ತಗೀರ್ ನಕ್ಕು ಕೈಮುಗಿದ. ಆಮೇಲೆ ಅವನ ಬೀಸಣಿಗೆ ನಿಂತೇಹೋಯಿತು.

ಆ ಹೋಟೆಲಿನ ಪದ್ಧತಿ ಹೀಗೆ. ತಲೆಗೆ ಇಷ್ಟು ಎಂದು ಮೊದಲೇ ನಿಗದಿ, ಎಷ್ಟು ಬೇಕಾದರೂ ತಿನ್ನಬಹುದು. ಮೇಜಿನ ಮೇಲೊಂದು ಪುಟ್ಟ ಬಾವುಟ. ಅದು ನಿಂತಿರುವ ತನಕ ಕಂಬಿ ತಂದು ಕೊಡುತ್ತಿರಬೇಕು, ಸಾಕೆಂದರೆ ಮಲಗಿಸಬೇಕು. ಟೀಚರ್ ಮೇಜಿನ ಬಾವುಟ ನಿಂತೇ ಇತ್ತು. ಮೊದಲು ಬೇಯಿಸಿದ ಆಲೂಗಡ್ಡೆ ಬಂತು. ಆಮೇಲೆ ಜೋಳ. ಮತ್ತೆ ಆಲೂಗಡ್ಡೆ. ಹೊಟ್ಟೆಯನ್ನು ಮೊದಲು ಅಗ್ಗದ್ದರಿಂದ ತುಂಬಿಸುವುದು ಅಲ್ಲಿಯ ಲೆಕ್ಕಾಚಾರ. ಬಡಿಸುವವರು ಇಡೀ ಹಾಲ್‌ಗೆ ಮೂವರೇ. ಕೈ ಎತ್ತಿದರೆ ಬಂದೆ ಸಾರ್ ಎಂದು ಆಚೆ ಹೋಗುತ್ತಿದ್ದರು. ಮುಕ್ಕಾಲು ಗಂಟೆಯ ಮೇಲೆ ಕೋಳಿ ಬಂತು, ಒಬ್ಬರಿಗೆ ಎರಡೆರಡು ಚೂರು. ಮೀನು ಮುಗಿದಿತ್ತಂತೆ. ಮಕ್ಕಳು ಕೇಳಿದ ಐಸ್‌ಕ್ರೀಮಿನ ಮಶೀನು ಕೆಟ್ಟಿತ್ತಂತೆ.

ಪ್ರಮೀಳಾ ಒಂದು ಚೂರನ್ನು ಮುರಿದು ಒಳಗೆ ನೋಡಿದಳು. ಬೆಳಿಗ್ಗೆಯೇ ಅರೆಬೇಯಿಸಿ ಫ್ರಿಜ್ಜಿನಲ್ಲಿಟ್ಟು ಆಮೇಲೆ ಬಿಸಿ ಮಾಡಿದ್ದು, ನಡುವೆ ಇನ್ನೂ ತಣ್ಣಗಿತ್ತು. ಇದಕ್ಕೇನಾ ನಮ್ಮನ್ನು ಧಾರವಾಡದಿಂದ ಕರೆಸಿದ್ದು ಎಂದು ಅವಳು ಮಕ್ಕಳ ಕಡೆ ನೋಡಿ ನಕ್ಕಳು. ಟೀಚರ್ ತಲೆ ತಗ್ಗಿಸಿ ಅಗಿದರು. ಅವರ ಬಾಯಿಂದ "ಹಾಂ" ಬರಲಿಲ್ಲ.

ನನಗಾದ ಖುಷಿ ಅಷ್ಟಿಷ್ಟಲ್ಲ. ಸ್ಟೀಲಿನವನ ಮರ್ಯಾದೆ ಹೋಯಿತು! ಎಲ್ಲರೂ ಉಗಿಯಲಿ ಅಂದುಕೊಂಡೆ. ಆ ಮರ್ಯಾದೆ ಯಾರದೆಂಬುದು ನನಗೆ ಆಗ ಹೊಳೆಯಲಿಲ್ಲ. ಟೀಚರ್ ತಟ್ಟೆ ಹಿಡಿದುಕೊಂಡು ಎದ್ದು ಬಂದು ಗಾಜಿನ ಬಾಗಿಲು ತಳ್ಳಿದರು. ದನಿ ಏರಿಸಲಿಲ್ಲ.

"ದಸ್ತಗೀರಣ್ಣ, ಇದನ್ನ ನೀವ ಸುಟ್ಟೀರೇನ್ರಿ?"

ದಸ್ತಗೀರ್ ತಟ್ಟೆ ನೋಡಿದ. ಹೌದು ಅನ್ನಬೇಕೆಂದು ಪ್ರಫುಲ್ ಹೇಳಿದ್ದ. ಹೌದು ಅಂದರೆ ಹನ್ನೊಂದು ವರ್ಷದ ಹೆಸರು ಮಣ್ಣುಪಾಲು. ಅಲ್ಲ ಅಂದರೆ ಕೆಲಸ ಹೋಗುತ್ತದೆ.

"ಹತ್ತ ಮಿನಿಟ್ ಕುಂದರ್ರಿ ಟೀಚರ್. ನಾ ತರ್ತೀನಿ" ಅಂದ.

ಅಡುಗೆಮನೆಗೆ ಹೋಗಿ ಹಸಿ ಕೋಳಿ ತಂದ. ಉಪ್ಪು, ಖಾರ, ಮೊಸರು, ನಿಂಬೆಹಣ್ಣು ಸಿಕ್ಕಷ್ಟು ಕಲಸಿದ. ಈರುಳ್ಳಿಯ ಕಂಬಿಗಳನ್ನು ಎತ್ತಿ ಮೂಲೆಗೆ ಎಸೆದ. ನನ್ನೊಳಗೆ ಬುಟ್ಟಿಗಟ್ಟಲೆ ಇದ್ದಿಲು ಸುರಿದು ಬೀಸತೊಡಗಿದ. ಪ್ರಫುಲ್ ಓಡಿಬಂದು ಗಾಜು ಮಸಿಯಾಗುತ್ತದೆ, ನಿಲ್ಲಿಸಿ ಎಂದು ಗದರಿದ. ದಸ್ತಗೀರ್ ತಿರುಗಿಯೂ ನೋಡಲಿಲ್ಲ.

ಎಷ್ಟು ದಿನಗಳ ಮೇಲೆ ನನ್ನ ಮೈ ಕೆಂಪಗಾಯಿತು! ಕೊಬ್ಬು ಕೆಂಡದ ಮೇಲೆ ಬಿದ್ದು ಚುರ್ ಅಂದಾಗ ನಾನು ಅಡುಗೆಮನೆಯ ಬಾಗಿಲ ಕಡೆಯೇ ನೋಡುತ್ತಿದ್ದೆ. ನೋಡು, ಸುಡುವುದು ಅಂದರೆ ಇದು ಎಂದು ಸ್ಟೀಲಿನವನಿಗೆ ಹೇಳುತ್ತಿದ್ದೆ. ಆ ಸಂಭ್ರಮದಲ್ಲಿ ನನ್ನ ಬಣ್ಣ ಗುಳ್ಳೆ ಗುಳ್ಳೆಯಾಗಿ ಏಳುತ್ತಿದ್ದುದು ನನ್ನ ಗಮನಕ್ಕೆ ಬರಲಿಲ್ಲ. ಹದಿನೆಂಟು ಪದರ ಎಣ್ಣೆಬಣ್ಣ. ಅದರ ಹೊಗೆಯೆಲ್ಲ ನೇರವಾಗಿ ತುಂಡುಗಳಿಗೆ ಹತ್ತಿತು.

ಸುಟ್ಟದ್ದನ್ನು ದಸ್ತಗೀರ್ ತಾನೇ ಅವರ ಮೇಜಿಗೆ ಒಯ್ದ. ಪ್ರಮೀಳಾ ಒಂದು ತುಂಡು ಬಾಯಿಗಿಟ್ಟು, ಮರುಕ್ಷಣ ಅದನ್ನು ಕಾಗದದೊಳಗೆ ಉಗುಳಿದಳು. ಟೀಚರ್ ಉಗುಳಲಿಲ್ಲ. ಅಗಿದು ಅಗಿದು ನುಂಗಿದರು. ಕಣ್ಣಲ್ಲಿ ನೀರು ಬಂದಿತ್ತು.

"ಮೊದಲಿನ್ಹಂಗ ಐತ್ರಿ ಅಣ್ಣಾರ" ಅಂದರು.

ದಸ್ತಗೀರ್ ತಾನೊಂದು ತುಂಡು ತಿಂದ. ಬಹಳ ಹೊತ್ತು ಅಗಿದ. ಟೋಪಿ ತೆಗೆದು ಮೇಜಿನ ಅಂಚಿನಲ್ಲಿಟ್ಟ. ಆಮೇಲೆ ಅಲ್ಲಿ ಊಟಕ್ಕೆ ಕೂತಿದ್ದ ಎಲ್ಲರಿಗೂ ಕೇಳುವ ಹಾಗೆ, ಪ್ರಮೀಳಾಳ ಕಡೆ ತಿರುಗಿ ಮಾತಾಡಿದ.

"ಟೀಚರ್ ನನ್ನ ಮರ್ಯಾದಿ ಉಳಸಾಕ ಸುಳ್ಳ ಹೇಳಾಕತ್ತಾರ್ರಿ ಅಕ್ಕಾರ. ಇದು ಕೆಟ್ಟೈತಿ. ಅವರು ನನ್ನ ಬಗ್ಗೆ ಹೇಳಿದ್ದು ಸುಳ್ಳಲ್ಲ, ಈ ಬೋರ್ಡ್ ಸುಳ್ಳು. ಒಂದೂವರಿ ವರ್ಷದಾಗ ಇಲ್ಲಿ ನಾ ಸುಟ್ಟದ್ದು ಇದ ಮೊದಲನೇದು. ತಿಂಗಳ ಕಡೀ ಶನಿವಾರ ನಮ್ಮ ಮನಿ ಓಣಿಗೆ ಬರ್ರಿ, ಟೀಚರ್ ಕರಕೊಂಡ ಬರ್ತಾರ."

ದಸ್ತಗೀರ್ ಕುಂಟುತ್ತಾ ನನ್ನ ಕಡೆ ಬಂದು, ಗೂಟಕ್ಕೆ ಹಾಕಿದ್ದ ತನ್ನ ಅಂಗಿಯನ್ನು ಎತ್ತಿಕೊಂಡ. ಹೋಗುವ ಮುಂಚೆ ನನ್ನ ಅಂಚಿನ ಮೇಲೆ ಉಬ್ಬಿದ್ದ ಬಣ್ಣವನ್ನು ಒಂದು ಕಡ್ಡಿಯಿಂದ ಕೆರೆದು ನೋಡಿದ. ನನ್ನನ್ನು ಕರೆದುಕೊಂಡು ಹೋಗುತ್ತಾನೆಂದು ಕಾದೆ. ನಾನು ಆಗಲೇ ಹೋಟೆಲಿನ ಸೊತ್ತು. ಅವನು ಬಾಗಿಲು ದಾಟಿ ಹೋದ.

ಅವನಿಲ್ಲದ ಮೇಲೆ ನನಗೇನು ಕೆಲಸ? ಮಾರನೆಯ ವಾರ ನನ್ನ ಜಾಗದಲ್ಲಿ ಒಂದು ದೀಪ ಇಟ್ಟರು. ಒಳಗೆ ಫ್ಯಾನು, ಮೇಲೆ ಕೇಸರಿ ಬಟ್ಟೆ; ಗಾಳಿಗೆ ಬಟ್ಟೆ ಕುಣಿದರೆ ಬೆಂಕಿಯ ಹಾಗೇ ಕಾಣುತ್ತದೆ. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆ ಬಟ್ಟೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಗುಜರಿಯವನು ನನ್ನನ್ನು ತೂಗಿ ಕೊಂಡು ಹಳೇ ಹುಬ್ಬಳ್ಳಿಗೆ ತಂದ. ಈಗ ಒಂದು ಸೈಕಲ್ ರಿಮ್ಮಿಗೂ ಒಡೆದ ವಾಶಿಂಗ್ ಮಶೀನಿಗೂ ನಡುವೆ ಇದ್ದೇನೆ. ಒಂದು ಕಾಲು ಮುರಿದಿದೆ. ಬಣ್ಣ ಉದುರಿ ತುಕ್ಕು ಹತ್ತಿದೆ. ಗುಜರಿ ಅಂಗಡಿ ಇರುವುದು ದಸ್ತಗೀರನ ಓಣಿಯ ತುದಿಯಲ್ಲೇ. ಅವನು ಮನೆಯ ಕಟ್ಟೆಯ ಮೇಲೆ ಒಲೆ ಹೂಡಿದ್ದು ನನಗೆ ಇಲ್ಲಿಂದಲೇ ಕಾಣುತ್ತದೆ. ಪಕ್ಕದ ಮನೆಯ ಕೂಸಿಗೆ ಉಬ್ಬಸವಂತೆ, ಹೊಗೆ ಆಗದಂತೆ. ಅದಕ್ಕೆ ಅವನು ಇಟ್ಟುಕೊಂಡಿರುವುದು ಗ್ಯಾಸಿನ ಒಲೆ. ಸ್ಟೀಲಿನದು ಕೂಡ ಅಲ್ಲ, ಯಾರೋ ಬಳಸಿ ಬಿಟ್ಟ ಹಳೆಯದು, ಮೇಲೊಂದು ತಂತಿಯ ಜಾಲರಿ.

ಅದನ್ನು ಕಂಡು ನನಗೆ ಸಮಾಧಾನವಾಗಿತ್ತು. ಈಗ ತಿಳಿಯುತ್ತದೆ ಇವನಿಗೆ, ನಾನಿಲ್ಲದೆ ಇವನ ಕೈಯಿಂದ ಏನಾಗುತ್ತದೆ ನೋಡೋಣ ಅಂದುಕೊಂಡೆ. ತಿಂಗಳ ಕೊನೆಯ ಶನಿವಾರ ಟೀಚರ್ ಓರಗಿತ್ತಿಯನ್ನು ಕರೆದುಕೊಂಡು ಬಂದರು. ಶಮಶಾದಬಿ ಇಬ್ಬರಿಗೂ ಮಣೆ ಹಾಕಿದಳು. ದಸ್ತಗೀರ್ ಅವರು ಕೂತ ಮೇಲೆಯೇ ಕಂಬಿಗೆ ಚುಚ್ಚಿದ. ಪ್ರಮೀಳಾ ಒಂದು ತಿಂದಳು, ಎರಡು ತಿಂದಳು. ಮೂರನೆಯದಕ್ಕೆ ತಾನೇ ಎದ್ದು ಹೋಗಿ ತಟ್ಟೆ ಚಾಚಿದಳು. ಟೀಚರ್ ಅವಳನ್ನೇ ನೋಡುತ್ತಾ ಕೂತಿದ್ದರು.

ಈಗ ದಿನವೂ ಸಂಜೆ ಗಾಳಿ ಈ ಕಡೆ ತಿರುಗಿದಾಗ ಆ ವಾಸನೆ ಗುಜರಿಯೊಳಕ್ಕೂ ಬರುತ್ತದೆ. ನಾನು ಅದರಲ್ಲಿ ಕೊರತೆ ಹುಡುಕುತ್ತೇನೆ. ಸಿಕ್ಕಿಲ್ಲ. ನನ್ನ ಕೆಂಡದ ಮೇಲೆ ಸುಡುತ್ತಿದ್ದ ಕಾಲಕ್ಕೂ ಅದು ಹೀಗೇ ಇತ್ತು.